ಕೈಗೆ ಮಾತ್ರ ಅರಿವಳಿಕೆ ಕೊಟ್ಟರೆ ಜೋಮು ಎಷ್ಟು ಹೊತ್ತು ಇರುತ್ತದೆ?

ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ನಿಮ್ಮ ಅಪ್ಪನ ಮಣಿಕಟ್ಟು ಮುರಿದಿದೆ, ನಾಡಿದ್ದು ಆಪರೇಷನ್, ಕೈಗೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಡ್ತಾರಂತೆ ಅಂತ ಬರೆದಿದ್ದೀರಿ. ಪಕ್ಕದ ತೋಟದವರಿಗೆ ನಾಲ್ಕೇ ಗಂಟೆಗೆ ನೋವು ಶುರುವಾಯ್ತು, ನಿಮ್ಮ ಚಿಕ್ಕಪ್ಪನಿಗೆ ಮಾರನೇ ದಿನ ಬೆಳಿಗ್ಗೆವರೆಗೂ ಕೈ ಏಳಲಿಲ್ಲ, ಯಾವುದು ಸರಿ ಅನ್ನೋದು ನಿಮ್ಮ ಪ್ರಶ್ನೆ. ಎರಡೂ ಸರಿಯೇ. ಕೊಟ್ಟ ಔಷಧ ಬೇರೆ ಬೇರೆ ಇದ್ದಿರಬೇಕು.

ನಾನು ಕೊಡಗಿನಲ್ಲೇ ಅರಿವಳಿಕೆ ಡಾಕ್ಟರ್. ಮೆಣಸಿನ ಕಾಲದಲ್ಲಿ ಇಂಥ ಕೈಗಳನ್ನು ತುಂಬಾ ನೋಡುತ್ತೇನೆ.

ಕತ್ತಿನ ಬುಡದಲ್ಲೋ ಕಂಕುಳಲ್ಲೋ ಅಲ್ಟ್ರಾಸೌಂಡ್ ಇಟ್ಟು ನರಗಳನ್ನು ಹುಡುಕಿ, ಅವುಗಳ ಸುತ್ತ ಔಷಧ ಬಿಡುತ್ತೇವೆ. ಲಿಗ್ನೋಕೇನ್ ಅನ್ನುವ ಔಷಧ ಬೇಗ ಹಿಡಿಯುತ್ತದೆ, ಹತ್ತು ಹದಿನೈದು ನಿಮಿಷ ಸಾಕು. ಅಡ್ರಿನಲಿನ್ ಸೇರಿಸಿದರೂ ಆಪರೇಷನ್ ಮಾಡುವಷ್ಟು ಜೋಮು ಎರಡು ಮೂರು ಗಂಟೆ ಮಾತ್ರ. ಹಲ್ಲು ಕೀಳಿಸಿದಾಗ ತುಟಿ ದಪ್ಪವಾದ ಹಾಗೆ ಅನ್ನಿಸುತ್ತದಲ್ವಾ, ಸಾಮಾನ್ಯವಾಗಿ ಅದೂ ಇದೇ ಔಷಧ. ಬುಪಿವಕೇನ್ ನಿಧಾನ, ಹಿಡಿಯಲು 20-30 ನಿಮಿಷ ಬೇಕು. ಆದರೆ ಹಿಡಿದರೆ ನೋವು 12ರಿಂದ 18 ಗಂಟೆ ಹತ್ತಿರ ಸುಳಿಯುವುದಿಲ್ಲ. ಕೆಲವರಿಗೆ ಒಂದು ದಿನ ಪೂರ್ತಿ. ರೋಪಿವಕೇನ್ ಅದಕ್ಕಿಂತ ಸ್ವಲ್ಪ ಕಡಿಮೆ ಹೊತ್ತು ಇರುತ್ತದೆ.

ಈ ವ್ಯತ್ಯಾಸ ಯಾಕೆ ಅಂದರೆ, ಬುಪಿವಕೇನ್ ಕೊಬ್ಬಿಗೂ ಪ್ರೋಟೀನಿಗೂ ಗಟ್ಟಿಯಾಗಿ ಅಂಟುತ್ತದೆ. ರಕ್ತದಲ್ಲಿ ಅದರ 95% ಪ್ರೋಟೀನಿಗೆ ಅಂಟಿಕೊಂಡೇ ಇರುತ್ತದೆ, ಲಿಗ್ನೋಕೇನ್ ಸುಮಾರು 65%. ನರದಲ್ಲೂ ಹಾಗೆಯೇ, ಲಿಗ್ನೋಕೇನ್ ಬಿಟ್ಟು ಹೋಗುತ್ತದೆ, ಬುಪಿವಕೇನ್ ಕೂತುಬಿಡುತ್ತದೆ. ಅಡ್ರಿನಲಿನ್ ರಕ್ತನಾಳಗಳನ್ನು ಬಿಗಿ ಮಾಡುವುದರಿಂದ ಲಿಗ್ನೋಕೇನ್ ಅಲ್ಲಿಂದ ಬೇಗ ಕೊಚ್ಚಿಹೋಗುವುದಿಲ್ಲ. ಜಾಗವೂ ಲೆಕ್ಕಕ್ಕೆ ಬರುತ್ತದೆ. ಸಿಸೇರಿಯನ್‌ಗೆ ಬೆನ್ನಿಗೆ ಕೊಡುವುದೂ ಬುಪಿವಕೇನೇ, ಎರಡು ಮಿಲಿ ಆಸುಪಾಸು. ಅದು ಎರಡು ಮೂರು ಗಂಟೆಗೆ ಇಳಿಯುತ್ತದೆ. ಅದೇ ಔಷಧ 20 ಮಿಲಿ ತೋಳಿನ ನರಗಳ ಸುತ್ತ ಕೂತರೆ ರಾತ್ರಿ ಕಳೆಯುತ್ತದೆ.

ಹಾಗಾದರೆ ಬುಪಿವಕೇನೇ ಕೊಡಿ ಅಂತ ಕೇಳೋಣವೇ? ಅದಕ್ಕೆ ನಾನು ಸುಮ್ನೆ ಹೂಂ ಅನ್ನಲಾರೆ. ಗಟ್ಟಿಯಾಗಿ ಅಂಟುವ ಗುಣವೇ ಅದರ ಅಪಾಯ. ತಪ್ಪಿ ರಕ್ತನಾಳಕ್ಕೆ ಹೋದರೆ ಹೃದಯದ ಬಡಿತವನ್ನೂ ಹಿಡಿದುಬಿಡುತ್ತದೆ. ಈ ವಿಷಯದಲ್ಲಿ ರೋಪಿವಕೇನ್ ಸ್ವಲ್ಪ ಮೃದು. ಅದಕ್ಕೇ ತೂಕ ನೋಡಿ ಲೆಕ್ಕ ಹಾಕುತ್ತೇವೆ, ಸ್ವಲ್ಪ ಸ್ವಲ್ಪವೇ ಬಿಡುತ್ತೇವೆ. ತಪ್ಪಿ ರಕ್ತಕ್ಕೆ ಹೋದಾಗ ಬೇಕಾಗುವ 20% ಲಿಪಿಡ್ (ಕೊಬ್ಬಿನ ದ್ರಾವಣ) ಬಾಟಲಿ ಥಿಯೇಟರಿನಲ್ಲೇ ಇರಬೇಕು. ಇಂಜೆಕ್ಷನ್ ಕೊಡುವಾಗ ಕಿವಿ ಗುಂಯ್ ಅಂದರೆ, ಬಾಯಿ ಸುತ್ತ ಜೋಮು ಅನ್ನಿಸಿದರೆ, ತಕ್ಷಣ ಹೇಳಲು ಅಪ್ಪನಿಗೆ ತಿಳಿಸಿ. ಜೊತೆಗೆ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಕೊಟ್ಟರೆ ಜೋಮು ಇನ್ನೂ ಕೆಲವು ಗಂಟೆ ಉಳಿಯುತ್ತದೆ. ಆದರೆ ಸಕ್ಕರೆ ಕಾಯಿಲೆ ಇದ್ದವರಿಗೆ ಸಕ್ಕರೆ ಏರಬಹುದು, ಅದನ್ನು ಮೊದಲೇ ಹೇಳಿ.

ಆದರೆ ನನ್ನನ್ನು ಕೇಳಿದರೆ, ಎಷ್ಟು ಗಂಟೆ ಅನ್ನುವುದಕ್ಕಿಂತ ಯಾವ ಹೊತ್ತಿಗೆ ಇಳಿಯುತ್ತದೆ ಅನ್ನುವುದು ಮುಖ್ಯ. ಬೆಳಿಗ್ಗೆ ಹತ್ತಕ್ಕೆ ಬುಪಿವಕೇನ್ ಕೊಟ್ಟರೆ ಇಳಿಯುವುದು ಸಾಮಾನ್ಯವಾಗಿ ರಾತ್ರಿ ಹತ್ತರಿಂದ ಬೆಳಗಿನ ಜಾವ ನಾಲ್ಕರೊಳಗೆ. ನಿಮ್ಮದು ಒಳಗಿನ ಊರಾದರೆ ಆ ಹೊತ್ತಿಗೆ ಮೆಡಿಕಲ್ ಶಾಪೂ ಇಲ್ಲ, ಜೀಪೂ ಸಿಗುವುದಿಲ್ಲ. ನೋವು ಮೆಲ್ಲಗೆ ಬರುವುದಿಲ್ಲ, ಒಮ್ಮೆಲೇ ಏರುತ್ತದೆ. ಆದ್ದರಿಂದ ಡಾಕ್ಟರ್ ಬರೆದ ನೋವಿನ ಮಾತ್ರೆಯನ್ನು ನೋವಿಲ್ಲದಿದ್ದರೂ ಮಲಗುವ ಮುಂಚೆ ನುಂಗಲಿ. ಬೆರಳಲ್ಲಿ ಇರುವೆ ಹರಿದ ಹಾಗಾದರೆ ಜೋಮು ಇಳಿಯುತ್ತಿದೆ ಅಂತ ಅರ್ಥ.

ಇನ್ನೊಂದು ಮಾತು, ಇದನ್ನು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಒಂದು ಜನವರಿಯಲ್ಲಿ ತೋಟದ ಕಾರ್ಮಿಕರ ಲೈನ್ ಮನೆಯ ಹೆಂಗಸೊಬ್ಬರು ಆಪರೇಷನ್ ಮುಗಿಸಿ ಸಂಜೆ ಮನೆಗೆ ಹೋದರು. ಚಳಿಗೆ ಒಲೆ ಮುಂದೆ ಕೂತರು. ಮರಗಟ್ಟಿದ ಕೈ ಮಡಿಲಿಂದ ಜಾರಿ ಒಲೆಯ ಅಂಚಿಗೆ ಬಿದ್ದಿತ್ತು. ಅವರಿಗೆ ಗೊತ್ತೇ ಆಗಲಿಲ್ಲ. ವಾಸನೆ ಬಂದು ಮಗಳು ಓಡಿ ಬಂದಾಗ ಕಿರುಬೆರಳಿನ ಚರ್ಮ ಬಿಳಿಚಿ ಎದ್ದಿತ್ತು. ಆ ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ಒಲೆಯ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಅಪ್ಪನ ಕೈಯನ್ನು ಜೋಳಿಗೆ ಕಟ್ಟಿ ಎದೆಗೆ ಒತ್ತಿ ಇಡಿ. ಒಲೆ, ಬಿಸಿನೀರಿನ ಹಂಡೆ ಹತ್ತಿರ ಬಿಡಬೇಡಿ.

ಬೆರಳು ನೀಲಿಯಾದರೆ, ಪಟ್ಟಿ ಬಿಗಿದು ಊದಿಕೊಂಡರೆ, ಮಾತ್ರೆಗೂ ಬಗ್ಗದ ನೋವು ಬಂದರೆ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ. ಒಂದು ದಿನ ಕಳೆದರೂ ಬೆರಳು ಅಲ್ಲಾಡದಿದ್ದರೆ ಫೋನ್ ಮಾಡಿ ತಿಳಿಸಿ. ಡಿಸ್ಚಾರ್ಜ್ ಆಗುವಾಗ ಚೀಟಿಯಲ್ಲಿ ಔಷಧದ ಹೆಸರು, ಕೊಟ್ಟ ಸಮಯ ಎರಡನ್ನೂ ಬರೆಸಿಕೊಳ್ಳಿ. ಫೋನಲ್ಲಿ ನಾವು ಮೊದಲು ಕೇಳುವುದು ಅದನ್ನೇ.