ಕೋನ ತಪ್ಪಿದರೆ ಮೊದಲು ಅಲೆ ಎಣಿಸಿ

ಪ್ರಶ್ನೆ: ಹೊಸೂರಿನಲ್ಲಿ ನಮ್ಮದು ಸರ್ವೋ ಮೋಟಾರ್ ರಿಪೇರಿ ಅಂಗಡಿ. ರಿಸಾಲ್ವರ್ (ಶಾಫ್ಟ್‌ನ ಕೋನವನ್ನು ಸೈನ್, ಕೊಸೈನ್ ಎಂಬ ಎರಡು ಸಂಕೇತಗಳಾಗಿ ಕೊಡುವ ಸೆನ್ಸರ್) ಇರುವ ಮೋಟಾರಿಗೆ ನಾವೇ ಒಂದು ಬೋರ್ಡ್ ಮಾಡಿದ್ದೇವೆ. ರಿಸಾಲ್ವರ್‌ಗೆ ಕೊಡುವ ಎಸಿ, ಅಂದರೆ ಎಕ್ಸೈಟೇಶನ್, 10 ಕಿಲೋಹರ್ಟ್ಸ್; ವೋಲ್ಟೇಜನ್ನು ಅಂಕಿಯಾಗಿಸುವ ಎಡಿಸಿ 12 ಬಿಟ್. ಶಾಫ್ಟ್ ನಿಧಾನವಾಗಿ ತಿರುಗಿದರೂ ಕೋನ ಅರ್ಧ ಡಿಗ್ರಿ ಆಚೀಚೆ ಹೋಗುತ್ತದೆ. 16 ಬಿಟ್ ಎಡಿಸಿ ಹಾಕಿದರೆ ಸರಿಹೋದೀತೇ?

ಉತ್ತರ: ಇಲ್ಲ, ಆ ದುಡ್ಡು ದಂಡ. ಸಂಕೇತ ಪೂರ್ತಿ ರೇಂಜ್ ತುಂಬಿದ್ದರೆ 12 ಬಿಟ್‌ನ ಒಂದು ಮೆಟ್ಟಿಲು ಕೋನದಲ್ಲಿ 0.03 ಡಿಗ್ರಿಯೂ ಆಗುವುದಿಲ್ಲ. ನಿಮ್ಮ ಅರ್ಧ ಡಿಗ್ರಿ ಹುಟ್ಟುತ್ತಿರುವುದು ಸೈನ್, ಕೊಸೈನ್ ಸಂಕೇತಗಳು ಎಡಿಸಿಯಿಂದ ಅಂಕಿಯಾಗುವಷ್ಟರಲ್ಲಿ ಒಂದಕ್ಕೊಂದು ಹೊಂದದೆ ಹೋಗುವುದರಿಂದ. ಯಾವ ಭಾಗವನ್ನೂ ಬದಲಿಸುವ ಮುನ್ನ ತಪ್ಪಿನ ಆಕಾರ ನೋಡಿ.

ಲೋಡ್ ಬಿಚ್ಚಿ, ಮೋಟಾರನ್ನು 500 ಆರ್‌ಪಿಎಂ ದಾಟಿಸಿ, ಡ್ರೈವ್ ಆಫ್ ಮಾಡಿ, ಅದು ತಾನಾಗಿ ತಿರುಗುತ್ತಿರುವಾಗ ಕೋನ ದಾಖಲಿಸಿಕೊಳ್ಳಿ. ಒಂದು ಸುತ್ತಿನೊಳಗೆ ರೋಟರ್‌ನ ವೇಗ ಹೆಚ್ಚೇನೂ ಬದಲಾಗದು. ಹಾಗಾಗಿ ದಾಖಲೆಯಿಂದ ನೇರ ಗೆರೆಯೊಂದನ್ನು ಕಳೆದರೆ ಉಳಿಯುವುದೇ ತಪ್ಪು. ಡ್ರೈವ್ ಆಫ್ ಇದ್ದಾಗ ಶುದ್ಧವಾಗಿದ್ದು ಆನ್ ಮಾಡಿದೊಡನೆ ನಡುಗಿದರೆ ತೊಂದರೆ ಕೇಬಲ್‌ನದು: ಮೂರೂ ಜೋಡಿ ತಂತಿಗಳನ್ನು ಬೇರೆ ಬೇರೆ ಹೆಣೆದು, ಶೀಲ್ಡ್ ಹಾಕಿ, ಮೋಟಾರ್ ಪವರ್ ಕೇಬಲ್‌ನಿಂದ ದೂರ ಒಯ್ಯಿರಿ.

ಒಂದು ಸುತ್ತಿಗೆ ಒಂದೇ ಅಲೆ ಕಂಡರೆ ಆಫ್‌ಸೆಟ್, ಅಂದರೆ ಸಂಕೇತದ ನಡುಗೆರೆ ಸೊನ್ನೆಯಿಂದ ಸರಿದಿದೆ. ಆಂಪ್ಲಿಟ್ಯೂಡ್‌ನ (ನಡುಗೆರೆಯಿಂದ ಶಿಖರದ ಎತ್ತರದ) 1% ಆಫ್‌ಸೆಟ್ 0.57 ಡಿಗ್ರಿ ತಪ್ಪು ತರುತ್ತದೆ. ಎರಡು ಅಲೆ ಇದ್ದರೆ ಕಾರಣ ಎರಡರಲ್ಲೊಂದು. ತಪ್ಪು 45 ಡಿಗ್ರಿಯಲ್ಲಿ ಶಿಖರಕ್ಕೇರಿದರೆ ಸೈನ್, ಕೊಸೈನ್ ಎರಡು ಚಾನೆಲ್‌ಗಳ ಆಂಪ್ಲಿಟ್ಯೂಡ್ ಸಮವಿಲ್ಲ; 1% ವ್ಯತ್ಯಾಸಕ್ಕೆ 0.29 ಡಿಗ್ರಿ. 0 ಮತ್ತು 90ರಲ್ಲಿ ಏರಿಳಿದರೆ ಸೈನ್–ಕೊಸೈನ್ ನಡುವೆ ನಿಜವಾದ 90 ಡಿಗ್ರಿ ಇಲ್ಲ. ರಿಸಾಲ್ವರ್‌ನಲ್ಲಿ 4 ಜೋಡಿ ಪೋಲ್ (ಧ್ರುವ) ಇದ್ದರೆ ಶಾಫ್ಟ್‌ನ ಒಂದು ಸುತ್ತಿಗೆ ಈ ಅಲೆಗಳು ನಾಲ್ಕು ಪಟ್ಟಾಗುತ್ತವೆ, ಮರೆಯಬೇಡಿ.

ಎರಡು ಅಲೆಯೇ ಕಂಡುಬಂದರೆ ಸಂಕೇತದ ವೋಲ್ಟೇಜ್ ತಗ್ಗಿಸುವ ಡಿವೈಡರ್ ರೆಸಿಸ್ಟರ್‌ಗಳನ್ನು ನೋಡಿ. 1% ರೆಸಿಸ್ಟರ್‌ಗಳಷ್ಟೇ ಅರ್ಧ ಡಿಗ್ರಿ ತರಲು ಸಾಕು, 0.1% ಹಾಕಿ. ಫಿಲ್ಟರ್ ಕೆಪಾಸಿಟರ್‌ಗಳನ್ನು ಬಹಳ ಮಂದಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಟ್‌ಆಫ್ 30 ಕಿಲೋಹರ್ಟ್ಸ್ ಇರುವ ಆರ್‌ಸಿ ಫಿಲ್ಟರ್‌ನಲ್ಲಿ ಒಂದು ಚಾನೆಲ್‌ನ ಕೆಪಾಸಿಟರ್ 10% ದೊಡ್ಡದಾದರೆ, 10 ಕಿಲೋಹರ್ಟ್ಸ್‌ನಲ್ಲಿ ಆ ಚಾನೆಲ್ ಸುಮಾರು 1% ತಗ್ಗುತ್ತದೆ. ಎಕ್ಸ್7ಆರ್ ಬಗೆಯ ಕೆಪಾಸಿಟರ್ ತೆಗೆದು, ಬೆಲೆ ಹೆಚ್ಚು ಸ್ಥಿರವಾಗಿರುವ ಸಿ0ಜಿ ಬಗೆಯದು ಹಾಕಿ. ಇನ್ನೊಂದು, ಎಡಿಸಿ ಮೊದಲು ಸೈನ್, 2 ಮೈಕ್ರೋಸೆಕೆಂಡ್ ಬಿಟ್ಟು ಕೊಸೈನ್ ಓದುತ್ತಿದ್ದರೆ ಅಷ್ಟರಲ್ಲಿ ಕ್ಯಾರಿಯರ್ (ಎಕ್ಸೈಟೇಶನ್ ಅಲೆ) ಶಿಖರದಿಂದ 7.2 ಡಿಗ್ರಿ ಸರಿದು ಕೊಸೈನ್ 0.8% ಕಡಿಮೆ ಕಾಣುತ್ತದೆ. ಎರಡನ್ನೂ ಒಂದೇ ಕ್ಷಣದಲ್ಲಿ ಹಿಡಿಯುವ ಕಂಟ್ರೋಲರ್ ಬಳಸಿ. ಮೇಲಿನ ಶಿಖರ, ಕೆಳಗಿನ ಶಿಖರ ಎರಡನ್ನೂ ಓದಿ ವ್ಯತ್ಯಾಸದ ಅರ್ಧ ತೆಗೆದುಕೊಂಡರೆ ಎಡಿಸಿಯ ಆಫ್‌ಸೆಟ್ ತಾನೇ ಹೋಗುತ್ತದೆ.

ಉಳಿದದ್ದು ಸಾಫ್ಟ್‌ವೇರ್‌ಗೆ. ಬೋರ್ಡ್ ಬಿಸಿಯಾದ ಮೇಲೆ ಒಂದು ಸುತ್ತು ನಿಧಾನ ತಿರುಗಿಸಿ ಪ್ರತಿ ಚಾನೆಲ್‌ನ ಗರಿಷ್ಠ, ಕನಿಷ್ಠ ಹಿಡಿಯಿರಿ. ಮೊತ್ತದ ಅರ್ಧ ಆಫ್‌ಸೆಟ್, ವ್ಯತ್ಯಾಸದ ಅರ್ಧ ಆಂಪ್ಲಿಟ್ಯೂಡ್. ಮೊದಲನೆಯದನ್ನು ಕಳೆದು ಎರಡನೆಯದರಿಂದ ಭಾಗಿಸಿ. ಬಳಿಕ ಸೈನ್ ಕೂಡು ಕೊಸೈನ್, ಸೈನ್ ಕಳೆ ಕೊಸೈನ್, ಇವೆರಡರ ಆಂಪ್ಲಿಟ್ಯೂಡ್ ಅಳೆಯಿರಿ. ಸಮವಿದ್ದರೆ 90 ಡಿಗ್ರಿ ಸರಿಯಿದೆ. ಇಲ್ಲವಾದರೆ ಎರಡನೆಯದರ ವರ್ಗದಿಂದ ಮೊದಲನೆಯದರ ವರ್ಗ ಕಳೆದು, ವರ್ಗಗಳ ಮೊತ್ತದಿಂದ ಭಾಗಿಸಿ. ಬಂದ ಅಂಕಿಯನ್ನು ಸೈನ್‌ಗೆ ಗುಣಿಸಿ ಕೊಸೈನ್‌ಗೆ ಕೂಡಿಸಿದರೆ ಸಾಕು.

ವೇಗ ಏರಿದಂತೆ ತಪ್ಪು ಬೆಳೆದರೆ ಎಕ್ಸೈಟೇಶನ್‌ಗೂ ಸಂಕೇತಕ್ಕೂ ಫೇಸ್ ಅಂತರವಿದೆ ಎಂದರ್ಥ. 3000 ಆರ್‌ಪಿಎಂ, 4 ಜೋಡಿ ಪೋಲ್, 10 ಡಿಗ್ರಿ ಅಂತರವಿದ್ದರೆ ಸಂಕೇತ ಸೆಕೆಂಡಿಗೆ 50 ಗುಣಿಸು 4, ಅಂದರೆ 200 ಸಲ ಸುತ್ತುತ್ತದೆ; 200 ಭಾಗಿಸು 10,000 ಗುಣಿಸು 10, ಅಂದರೆ 0.2 ವಿದ್ಯುತ್ ಡಿಗ್ರಿಯವರೆಗೆ (ಸಂಕೇತದ ಒಂದು ಸುತ್ತಿಗೆ 360) ತಪ್ಪು. ಸ್ಯಾಂಪಲ್ ಕ್ಷಣವನ್ನು ಶಿಖರಕ್ಕೆ ಸರಿಸಿ.

ಪ್ರಶ್ನೆ: ಕಾಸರಗೋಡಿನ ನಮ್ಮ ಅಡಿಕೆ ತೋಟಕ್ಕೆ ಕಾಂತ ತಿರುಗಿದ ಕೋನ ಓದುವ ಎಎಸ್5600 ಸೆನ್ಸರ್‌ನಿಂದ ಗಾಳಿ ದಿಕ್ಕು ಅಳೆಯುವ ಸಾಧನ ಮಾಡಿದ್ದೇವೆ. ಬಡಗಣ ಗಾಳಿಗೆ ಒಮ್ಮೊಮ್ಮೆ ತೆಂಕು ತೋರಿಸುತ್ತದೆ. ಕಾಂತ ಕೆಟ್ಟಿದೆಯೇ?

ಉತ್ತರ: ಕಾಂತವಲ್ಲ, ಸರಾಸರಿ ತೆಗೆಯುವ ಕ್ರಮ. 359 ಮತ್ತು 1ರ ಸರಾಸರಿ 180 ಆಗಿಬಿಡುತ್ತದೆ. ಪ್ರತಿ ಓದಿನ ಸೈನ್ ಮತ್ತು ಕೊಸೈನ್‌ಗಳ ಸರಾಸರಿ ಬೇರೆ ಬೇರೆ ತೆಗೆದು, ಕೊನೆಗೆ ಅವೆರಡರಿಂದ ಕೋನ ಲೆಕ್ಕ ಹಾಕುವ ಎಟ್ಯಾನ್2 ಫಂಕ್ಷನ್‌ಗೆ ಕೊಡಿ. ಕಾಂತವನ್ನೂ ಒಮ್ಮೆ ನೋಡಿಬಿಡಿ: ವ್ಯಾಸದುದ್ದಕ್ಕೆ ಕಾಂತೀಕರಿಸಿದ್ದೇ ಬೇಕು, ಅಂತರ 0.5ರಿಂದ 3 ಮಿಲಿಮೀಟರ್, ಚಿಪ್‌ನ ನಡುವಿನಿಂದ 0.25 ಮಿಲಿಮೀಟರ್‌ಗಿಂತ ಹೆಚ್ಚು ಸರಿದಿರಬಾರದು. ಹತ್ತಿರದ ಸ್ಕ್ರೂಗಳು ಹಿತ್ತಾಳೆಯದೋ ನೈಲಾನಿನದೋ ಇರಲಿ. ಎಜಿಸಿ ರಿಜಿಸ್ಟರ್ (ಕಾಂತದ ಬಲಕ್ಕೆ ತಕ್ಕಂತೆ ಚಿಪ್ ಹೊಂದಿಸಿಕೊಂಡ ಗೇನ್ ತೋರಿಸುವ ಅಂಕಿ) 5 ವೋಲ್ಟ್‌ನಲ್ಲಿ 128ರ ಸುತ್ತ, 3.3 ವೋಲ್ಟ್‌ನಲ್ಲಿ 64ರ ಸುತ್ತ ಬರುವಂತೆ ಅಂತರ ಹೊಂದಿಸಿ. ಮಳೆಗಾಲಕ್ಕೆ ಮುನ್ನ ಬೋರ್ಡಿಗೆ ತೇವ ತಡೆಯುವ ಕನ್ಫಾರ್ಮಲ್ ಕೋಟಿಂಗ್ ಹೊಡೆಯಿರಿ.

ಪ್ರಶ್ನೆ: ಸೊಲ್ಲಾಪುರದ ಪವರ್‌ಲೂಮ್‌ಗೆ 1000 ಪಲ್ಸ್ ಎನ್‌ಕೋಡರ್ (ಸುತ್ತಿಗೆ 1000 ಪಲ್ಸ್ ಕೊಡುವ ಕೋನದ ಸೆನ್ಸರ್) ಹಾಕಿದ್ದೇವೆ. ಸಂಜೆಯ ಹೊತ್ತಿಗೆ ಕೋನ ಜಾರಿರುತ್ತದೆ.

ಉತ್ತರ: ಸುತ್ತಿಗೊಮ್ಮೆ ಬರುವ ಪ್ರತಿ ಝಡ್ ಪಲ್ಸ್‌ನಲ್ಲಿ ಎಣಿಕೆ ನೋಡಿ. ನಾಲ್ಕು ಪಟ್ಟು ಎಣಿಕೆಯಲ್ಲಿ (ಎ, ಬಿ ಎರಡೂ ಸಂಕೇತಗಳ ಪ್ರತಿ ಏರಿಳಿತ ಎಣಿಸಿದಾಗ) ಪ್ರತಿ ಸುತ್ತಿಗೆ ಸರಿಯಾಗಿ 4000 ಬರಬೇಕು. ಬಂದೂ ಕೋನ ಜಾರಿದ್ದರೆ ಕಪ್ಲಿಂಗ್‌ನ ಸ್ಕ್ರೂ ಸಡಿಲ. ಹೆಚ್ಚುಕಮ್ಮಿ ಬಂದರೆ ತಂತಿಯಲ್ಲಿ ನಾಯ್ಸ್ ಸೇರುತ್ತಿದೆ: ಒಂಟಿ ತಂತಿಯಲ್ಲಿ ಸಂಕೇತ ಕಳಿಸುವ ಓಪನ್ ಕಲೆಕ್ಟರ್ ಬಿಟ್ಟು, ಜೋಡಿ ತಂತಿಯಲ್ಲಿ ಕಳಿಸುವ ಲೈನ್ ಡ್ರೈವರ್ ಎನ್‌ಕೋಡರ್ ಹಾಕಿ, ರಿಸೀವರ್ ತುದಿಯಲ್ಲಿ ಪ್ರತಿ ಜೋಡಿ ತಂತಿಗೆ 120 ಓಮ್ ಕೊಡಿ.