ಎರಡು ಡೈನೋ, ಎರಡು ಅಂಕಿ: ಯಾವುದನ್ನು ನಂಬಬೇಕು?

ಪ್ರಶ್ನೆ: ನನ್ನ ಟರ್ಬೊ ಕಾರಿಗೆ ಒಂದು ಡೈನೋದಲ್ಲಿ (ಗಾಡಿಯ ಪವರ್ ತೋರಿಸುವ ಯಂತ್ರ) 92 ಪಿಎಸ್ (ಮೆಟ್ರಿಕ್ ಅಶ್ವಶಕ್ತಿ) ಬಂತು, ಇನ್ನೊಂದರಲ್ಲಿ 104. ಯಾವ ಯಂತ್ರ ಸುಳ್ಳು ಹೇಳುತ್ತಿದೆ?

ಅಂಕಿ ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ. ಎರಡು ಯಂತ್ರಗಳೂ ತಮ್ಮ ಮಟ್ಟಿಗೆ ಸರಿ ಇರಬಹುದು. ಪವರನ್ನು ನೇರವಾಗಿ ಅಳೆಯುವ ಡೈನೋ ಇಲ್ಲ. ಅದು ಅಳೆಯುವುದು ಬೇರೆ ಏನನ್ನೋ, ಪವರ್ ಬರುವುದು ಲೆಕ್ಕದಿಂದ.

ಬ್ರೇಕ್ ಡೈನೋ ತಿರುಗುವ ಶಾಫ್ಟನ್ನು ತಡೆದು ಹಿಡಿಯುತ್ತದೆ. ಅದರ ಹೊರಕವಚವನ್ನು ಬೇರಿಂಗ್ ಮೇಲೆ ಕೂರಿಸಿರುತ್ತಾರೆ, ಹಾಗಾಗಿ ಶಾಫ್ಟಿನ ಜೊತೆ ಅದೂ ತಿರುಗಲು ನೋಡುತ್ತದೆ. ಕವಚಕ್ಕೆ ಜೋಡಿಸಿದ ತೋಳೊಂದು ಲೋಡ್ ಸೆಲ್ (ಬಲ ಅಳೆಯುವ ಸೆನ್ಸರ್) ಮೇಲೆ ಒತ್ತಿ ಅದನ್ನು ನಿಲ್ಲಿಸುತ್ತದೆ. ತೋಳು ಅರ್ಧ ಮೀಟರ್, ಬಲ 200 ನ್ಯೂಟನ್ ಅಂದರೆ ಟಾರ್ಕ್ (ತಿರುಗಿಸುವ ಬಲ) 100 ನ್ಯೂಟನ್ ಮೀಟರ್. ಆಗ ವೇಗ 3000 ಆರ್‌ಪಿಎಂ ಇದ್ದರೆ, ಎರಡನ್ನೂ ಗುಣಿಸಿ 9549ರಿಂದ ಭಾಗಿಸಿ. 31.4 ಕಿಲೋವಾಟ್, ಅಂದರೆ 42.7 ಪಿಎಸ್. 1821ರಲ್ಲಿ ಫ್ರಾನ್ಸಿನ ಪ್ರೋನಿ ತಿರುಗುವ ಶಾಫ್ಟನ್ನು ಮರದ ತುಂಡುಗಳ ನಡುವೆ ಬಿಗಿದು ತೂಕ ತೂಗಿದ್ದೂ ಇದೇ ಲೆಕ್ಕಕ್ಕೆ. ಈಗ ಮರದ ಜಾಗದಲ್ಲಿ ನೀರು ಅಥವಾ ಎಡ್ಡಿ ಕರೆಂಟ್ (ಆಯಸ್ಕಾಂತದಿಂದ ಹುಟ್ಟಿ ತಿರುಗುವಿಕೆ ತಡೆಯುವ ವಿದ್ಯುತ್) ಇದೆ, ಅಷ್ಟೇ.

ಇನರ್ಷಿಯಾ ಡೈನೋದಲ್ಲಿ ಬ್ರೇಕೇ ಇಲ್ಲ. ಗಾಡಿಯ ಚಕ್ರ ತಿರುಗಿಸುವ ಭಾರದ ರೋಲರ್ ಎಷ್ಟು ಬೇಗ ವೇಗ ಹಿಡಿಯಿತು ಎಂದು ನೋಡಿ ಟಾರ್ಕ್ ಲೆಕ್ಕ ಹಾಕುತ್ತಾರೆ. ನಿಮ್ಮ ಚಕ್ರ, ಟೈರುಗಳನ್ನು ತಿರುಗಿಸಲು ಖರ್ಚಾದ ಶಕ್ತಿ ಆ ಲೆಕ್ಕದಲ್ಲಿ ಸಿಗುವುದಿಲ್ಲ. ಓಟವೂ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ರೋಲರ್ ಹಗುರವಾಗಿದ್ದರೆ ಟರ್ಬೊ (ಎಂಜಿನ್ ಒಳಗೆ ಗಾಳಿ ಒತ್ತಿ ತುಂಬುವ ಭಾಗ) ಪೂರ್ತಿ ಒತ್ತಡ ಕಟ್ಟುವ ಮೊದಲೇ ಆರ್‌ಪಿಎಂ ಮೇಲೇರಿರುತ್ತದೆ. ವ್ಯತ್ಯಾಸ ಇಲ್ಲೇ ಶುರು.

ಇನ್ನು ಹವಾಮಾನದ ತಿದ್ದುಪಡಿ. ನನಗೆ ಜಾಸ್ತಿ ಸಿಟ್ಟು ಬರುವುದು ಇಲ್ಲಿ. ಬಿಸಿ ಗಾಳಿ ಅಥವಾ ಕಡಿಮೆ ಒತ್ತಡದ ಗಾಳಿಯಲ್ಲಿ ಎಂಜಿನ್ ಸೊರಗುತ್ತದೆ, ಅದಕ್ಕೆ ಅಂಕಿಯನ್ನು ಒಂದು ಗೊತ್ತಾದ ಹವೆಗೆ ತಿದ್ದುತ್ತಾರೆ. ಎಸ್‌ಎಇ ಜೆ1349 ಎಂಬ ಅಮೆರಿಕದ ಮಾನದಂಡದ ಪ್ರಕಾರ 25 ಡಿಗ್ರಿ, 99 ಕಿಲೋಪಾಸ್ಕಲ್. ಜರ್ಮನಿಯ ಹಳೆಯ ಡಿಐಎನ್ 70020 ಪ್ರಕಾರ 20 ಡಿಗ್ರಿ, 101.3. ಅದೇ ಎಂಜಿನ್, ಅದೇ ಓಟ, ಎರಡನೆಯದರಲ್ಲಿ ಅಂಕಿ ದೊಡ್ಡದು. ಕೆಲವು ಟ್ಯೂನರ್‌ಗಳು (ಎಂಜಿನ್ ಸೆಟ್ಟಿಂಗ್ ಬದಲಿಸಿ ಪವರ್ ಹೆಚ್ಚಿಸುವವರು) ತಾಪಮಾನದ ಸೆನ್ಸರನ್ನು ಬಿಸಿ ಎಂಜಿನ್ ಪಕ್ಕ ಇಟ್ಟುಬಿಡುತ್ತಾರೆ. ಪಾಪ, ಎಂಜಿನ್ ಬಿಸಿ ಗಾಳಿ ಕುಡಿದಿದೆ ಎಂದುಕೊಂಡು ಸಾಫ್ಟ್‌ವೇರ್ ಅಂಕಿ ಏರಿಸುತ್ತದೆ. ಇದು ಶುದ್ಧ ಮೋಸ. ಟರ್ಬೊ ಎಂಜಿನ್ ತನ್ನ ಒತ್ತಡವನ್ನು ಬಹುಪಾಲು ತಾನೇ ಕಾಯ್ದುಕೊಳ್ಳುತ್ತದೆ, ಅದಕ್ಕೂ ಪೂರ್ತಿ ತಿದ್ದುಪಡಿ ಹಾಕುವವರಿದ್ದಾರೆ.

ಆದ್ದರಿಂದ ಎರಡೂ ಕಡೆಯಿಂದ ತಿದ್ದದ ಗ್ರಾಫ್ ಕೇಳಿ, ತಿದ್ದುಪಡಿಯ ಗುಣಕ ಕೇಳಿ. ತೋಳಿಗೆ ತೂಕ ನೇತುಹಾಕಿ ಲೋಡ್ ಸೆಲ್ ಪರೀಕ್ಷಿಸಿದ್ದು ಯಾವಾಗ ಎಂದೂ ಕೇಳಿ. ಒಂದು ಮೀಟರ್ ತೋಳಿಗೆ 10 ಕೆಜಿ ಹಾಕಿದರೆ 98.1 ನ್ಯೂಟನ್ ಮೀಟರ್ ತೋರಿಸಲೇಬೇಕು. ಉತ್ತರ ಕೊಡದವರ ಕಾಗದಕ್ಕೆ ಬೆಲೆ ಇಲ್ಲ. ಟ್ಯೂನಿಂಗ್ ಮೊದಲು, ಆಮೇಲೆ ಎಂದು ಹೋಲಿಸುವುದಾದರೆ ಅದೇ ಯಂತ್ರ, ಅದೇ ಗೇರ್, ಅದೇ ಟೈರ್ ಗಾಳಿ, ಎಂಜಿನ್ ಅಷ್ಟೇ ಬಿಸಿ. ಒಂದು ಓಟ ಸಾಲದು, ಮೂರಾದರೂ ಬೇಕು.

ಪ್ರಶ್ನೆ: ಡೈನೋ ಚಕ್ರದಲ್ಲಿ ತೋರಿಸಿದ ಅಂಕಿಗೆ 15% ಸೇರಿಸಿದರೆ ಎಂಜಿನ್ ಪವರ್ ಸಿಗುತ್ತದೆ, ಅಲ್ವಾ?

ಇಲ್ಲ. ಎಂಜಿನ್ನಿಂದ ಚಕ್ರದವರೆಗಿನ ನಷ್ಟ ಗೇರ್‌ಬಾಕ್ಸ್, ಎಣ್ಣೆಯ ಬಿಸಿ, ಟೈರ್ ಎಲ್ಲವನ್ನೂ ನೆಚ್ಚಿಕೊಂಡಿದೆ. 15 ಎಂಬುದು ಸುಮ್ನೆ ಹಿಡಿದ ಅಂಕಿ.

ಪ್ರಶ್ನೆ: ಕಾರಿಗೆ ಪ್ಲಗ್ ಮಾಡುವ ಡಬ್ಬಿ (ಟ್ಯೂನಿಂಗ್ ಬಾಕ್ಸ್) 20% ಪವರ್ ಕೊಡುತ್ತದಂತೆ?

ಮಾರುವವನನ್ನೇ ಡೈನೋ ಮೇಲೆ ಕರೆದೊಯ್ಯಿರಿ. ಬರುವುದಿಲ್ಲ.

ಪ್ರಶ್ನೆ: ಟೈರ್ ಸವೆದಿದೆ, ಆದರೂ ಓಡಿಸಬಹುದೇ?

ಬೇಡ. ರೋಲರ್ ಮೇಲೆ ಟೈರ್ ವಿಪರೀತ ಬಿಸಿಯಾಗುತ್ತದೆ, ಸಿಡಿದರೆ ಗಾಡಿ ತನ್ನನ್ನು ಕಟ್ಟಿದ ಪಟ್ಟಿ ಕಿತ್ತುಕೊಂಡು ಬರಬಹುದು. ಓಟ ನಡೆಯುವಾಗ ಗಾಡಿಯ ಮುಂದೆ, ಹಿಂದೆ ಯಾರೂ ನಿಲ್ಲಬಾರದು. ವಿಡಿಯೋ ತೆಗೆಯುವವರೂ ಸೇರಿ.