ಡಿಫೆನ್ಸ್ ಗಟ್ಟಿಯಾಯ್ತು ಅಂತ ಕೋಚ್ ಪಂಟ್ ಮಾಡ್ತಾ ಇರಬೇಕಾ?

ಪ್ರಶ್ನೆ: ಮಗನ ದೆಸೆಯಿಂದ ನನಗೂ ಅಮೆರಿಕನ್ ಫುಟ್‌ಬಾಲ್ ಹುಚ್ಚು ಹತ್ತಿದೆ. ನಮ್ಮ ಟೀಮಿನ ಡಿಫೆನ್ಸ್ ಈಗ ಎಷ್ಟೋ ಸುಧಾರಿಸಿದೆ. ಹಾಗಿರುವಾಗ ನಾಲ್ಕನೇ ಡೌನ್‌ನಲ್ಲಿ ಕೋಚ್ ರಿಸ್ಕ್ ತಗೊಳ್ಳದಿದ್ದರೆ ತಪ್ಪೇನು? ಮಗ ಮಾತ್ರ ‘ಪುಕ್ಕಲ’ ಅಂತ ಟಿವಿ ಮುಂದೆ ಕೂಗಾಡುತ್ತಾನೆ.
– ಒಬ್ಬ ಓದುಗರು, ಮಿಲ್ವಾಕಿ

ಉತ್ತರ: ಬೇಜಾರು ಮಾಡ್ಕೋಬೇಡಿ, ನನ್ನ ಓಟು ಮಗನಿಗೇ.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ, ಒಂದೊಂದಕ್ಕೂ ಡೌನ್ ಅಂತ ಹೆಸರು. ಮೂರರಲ್ಲಿ ಆಗದಿದ್ದರೆ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡಬಹುದು, ಅದೇ ಪಂಟ್. ಹತ್ತಿರವಿದ್ದರೆ ಫೀಲ್ಡ್ ಗೋಲ್ ಒದ್ದು 3 ಪಾಯಿಂಟ್ ತಗೋಬಹುದು. ಇಲ್ಲವೇ ಧೈರ್ಯ ಮಾಡಿ ಆಡಬಹುದು, ಸೋತರೆ ಚೆಂಡು ಅಲ್ಲೇ ಅವರ ಪಾಲು.

ನಿಮ್ಮ ವಾದಕ್ಕೂ ಸಾಕ್ಷಿ ಇದೆ. 2000ರ ಬಾಲ್ಟಿಮೋರ್ ರೇವನ್ಸ್ ತಂಡದವರು ಸತತ ಐದು ಮ್ಯಾಚ್‌ಗಳಲ್ಲಿ ಒಂದೇ ಒಂದು ಟಚ್‌ಡೌನ್ (ಚೆಂಡನ್ನು ಗೋಲ್ ಗೆರೆ ದಾಟಿಸಿದರೆ ಸಿಗುವ 6 ಪಾಯಿಂಟ್) ಹೊಡೆಯಲಿಲ್ಲ, ಆದರೂ ಬರೀ ಫೀಲ್ಡ್ ಗೋಲ್‌ಗಳಿಂದ ಎರಡನ್ನು ಗೆದ್ದರು, 12-0 ಮತ್ತು 15-10. ಆ ಸೀಸನ್ನಿನ 16 ಮ್ಯಾಚ್‌ಗಳಲ್ಲಿ ಅವರು ಬಿಟ್ಟುಕೊಟ್ಟಿದ್ದು 165 ಪಾಯಿಂಟ್ ಅಷ್ಟೇ. ಸೂಪರ್ ಬೌಲ್‌ನಲ್ಲಿ, ಅಂದರೆ ಲೀಗಿನ ಫೈನಲ್‌ನಲ್ಲಿ, ಜೈಂಟ್ಸ್ ವಿರುದ್ಧ 34-7 ಗೆಲುವು. ಆ 7 ಕೂಡ ಕಿಕ್‌ಆಫ್ ಹಿಡಿದು ಓಡಿ ಬಂದಿದ್ದು, ಡಿಫೆನ್ಸ್ ಕೊಟ್ಟಿದ್ದಲ್ಲ. ಇಂಥ ಡಿಫೆನ್ಸ್ ಇದ್ದರೆ ಯಾವ ಕೋಚ್ ಬೇಕಾದರೂ ಜೋಪಾನವಾಗಿ ಆಡಬಹುದು ಬಿಡಿ.

ಆದರೆ ನಿಮ್ಮೂರಿನ ಹತ್ತಿರದ್ದೇ ಇನ್ನೊಂದು ಕತೆ ನೋಡಿ. 2021ರ ಜನವರಿ, ಗ್ರೀನ್ ಬೇ, ಗೆದ್ದವರು ಸೂಪರ್ ಬೌಲ್‌ಗೆ ಹೋಗುವ ಎನ್‌ಎಫ್‌ಸಿ ಫೈನಲ್. ಊರಿನ ತಂಡ ಪ್ಯಾಕರ್ಸ್ ಟ್ಯಾಂಪಾ ಬೇ ವಿರುದ್ಧ 23-31 ಹಿಂದೆ. ಎಂಟನೇ ಗಜದ ಗೆರೆಯಿಂದ ಆರನ್ ರಾಜರ್ಸ್ ಎಸೆದ ಮೂರು ಪಾಸೂ ವೇಸ್ಟ್. ಆಟ ಮುಗಿಯಲು ಎರಡು ನಿಮಿಷ ಚಿಲ್ಲರೆ. ಕೋಚ್ ಮ್ಯಾಟ್ ಲಾಫ್ಲೂರ್ ಫೀಲ್ಡ್ ಗೋಲ್ ಒದೆಸಿದರು, 26-31. ಲೆಕ್ಕ ಪೂರ್ತಿ ಹುಚ್ಚೇನಲ್ಲ: ಸೆಕೆಂಡ್ ಹಾಫ್‌ನಲ್ಲಿ ಡಿಫೆನ್ಸ್ ಟ್ಯಾಂಪಾ ಬೇಯ ಟಾಮ್ ಬ್ರೇಡಿಯ ಪಾಸ್ ಮೂರು ಸಲ ಕಿತ್ತುಕೊಂಡಿತ್ತು, ಗಡಿಯಾರ ನಿಲ್ಲಿಸಲು ಮೂರು ಟೈಮ್‌ಔಟ್ ಬೇರೆ ಉಳಿದಿದ್ದವು. ಆದರೆ ಚೆಂಡು ಮತ್ತೆ ಪ್ಯಾಕರ್ಸ್ ಕೈಗೆ ಬರಲೇ ಇಲ್ಲ. ಟ್ಯಾಂಪಾ ಬೇಯ ಥರ್ಡ್ ಡೌನ್‌ನಲ್ಲಿ ಪ್ಯಾಕರ್ಸ್ ಆಟಗಾರ ಎದುರಾಳಿಯ ಜೆರ್ಸಿ ಹಿಡಿದೆಳೆದ, ರೆಫರಿ ಫೌಲ್ ಅಂತ ಹಳದಿ ಫ್ಲ್ಯಾಗ್ ಎಸೆದರು, ಅವರಿಗೆ ಮತ್ತೆ ನಾಲ್ಕು ಅವಕಾಶ, ಮುಗೀತು.

ಇಲ್ಲೇ ನನ್ನ ತಕರಾರು ಇರೋದು. ಫೀಲ್ಡ್ ಗೋಲ್ ಆದಮೇಲೂ ಗೆಲ್ಲಲು ಟಚ್‌ಡೌನ್ ಬೇಕೇ ಬೇಕಿತ್ತು. ಡಿಫೆನ್ಸ್ ಮೇಲೆ ಅಷ್ಟು ನಂಬಿಕೆ ಇದ್ದರೆ ಅಲ್ಲೇ ಆಡಬೇಕಿತ್ತು, ಯಾಕೆಂದರೆ ಸೋತಿದ್ದರೂ ಬ್ರೇಡಿ ತನ್ನ ಗೋಲ್ ಗೆರೆಯ ಬುಡದಿಂದ ಶುರು ಮಾಡಬೇಕಾಗಿತ್ತು, ಅಲ್ವಾ? ಒಳ್ಳೆ ಡಿಫೆನ್ಸ್ ಇದೆ ಅನ್ನೋದು ಕೋಚ್ ಧೈರ್ಯ ಮಾಡಲಿಕ್ಕೆ ಕಾರಣ ಆಗಬೇಕು, ಸುಮ್ನೆ ಕೂರಲಿಕ್ಕಲ್ಲ. ಮುಂದಿದ್ದು ಎದುರಾಳಿ ಇಡೀ ಮೈದಾನ ದಾಟಬೇಕಾದಾಗ ಪಂಟ್ ಮಾಡಲಿ, ನಾನೂ ಚಪ್ಪಾಳೆ ತಟ್ಟುತ್ತೇನೆ.

ಪ್ರಶ್ನೆ: ಹಾಗಾದರೆ ಪ್ರತಿ ಸಲ ಆಡಿಬಿಡಬೇಕಾ? ಡೆಟ್ರಾಯ್ಟ್ ಗತಿ ನೋಡಿದ್ದೀರಾ?
– ಇನ್ನೊಬ್ಬ ಓದುಗರು, ಬೆಂಗಳೂರು

ಉತ್ತರ: ನೋಡಿದ್ದೀನಿ ಸ್ವಾಮಿ. 2024ರ ಜನವರಿಯಲ್ಲಿ ಡೆಟ್ರಾಯ್ಟ್ ತಂಡ ಲಯನ್ಸ್ ಹಾಫ್‌ಟೈಮ್‌ಗೆ 24-7 ಮುಂದಿತ್ತು. ಆಮೇಲೆ ಕೋಚ್ ಡ್ಯಾನ್ ಕ್ಯಾಂಪ್‌ಬೆಲ್ ಎರಡು ಸಲ ಫೀಲ್ಡ್ ಗೋಲ್ ಬಿಟ್ಟು ನಾಲ್ಕನೇ ಡೌನ್ ಆಡಿಸಿದರು, ಎರಡೂ ಕೈಕೊಟ್ಟವು, 31-34 ಸೋಲು. ಮೊದಲ ಸಲ ಎರಡೇ ಗಜ ಬೇಕಿತ್ತು, ಪಾಸ್ ರಿಸೀವರ್ ಕೈಗೇ ಬಂದು ಜಾರಿತು. ಅದಕ್ಕೆ ಕೋಚ್‌ನ ಯಾಕೆ ಬೈತೀರಿ?